ಇಲಿ-ಹೆಗ್ಗಣಕ್ಕೆ ಏರ್‌ಗನ್: ಎಷ್ಟು ಪವರ್ ಇದ್ದರೆ ಸಾಕು?

ತಿಕೋಟಾ_ಶೆಡ್

ಎಲ್ಲರಿಗೂ ನಮಸ್ಕಾರ. ತಿಕೋಟಾ ಕಡೆಯ ದ್ರಾಕ್ಷಿ ತೋಟದವನು ನಾನು. ತೋಟದಲ್ಲೇ ಒಣದ್ರಾಕ್ಷಿ ಶೆಡ್ ಇದೆ, ಅದಕ್ಕೆ ಅಂಟಿಕೊಂಡು ಜೋಳ, ಗೋವಿನಜೋಳದ ಚೀಲ ಇಡೋ ಕೋಣೆ. ಈ ಸಲ ಇಲಿ, ಹೆಗ್ಗಣದ ಕಾಟ ವಿಪರೀತ ಆಗಿದೆ. ಚೀಲದ ಮೂಲೆ ಕಡಿದು ಕಾಳು ಸೋರುತ್ತವೆ, ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸೋ ಬಲೆ ಮೇಲೆ ಹಿಕ್ಕೆ ಬೀಳುತ್ತೆ. ಹಿಕ್ಕೆ ಕಂಡ ಮಾಲನ್ನು ವ್ಯಾಪಾರಿ ಮುಟ್ಟೋದಿಲ್ಲ.

ವಿಷ ಇಡೋಕೆ ಮನಸ್ಸಿಲ್ಲ. ತಿನ್ನೋ ಮಾಲು ಪಕ್ಕದಲ್ಲೇ ಇರುತ್ತೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನಾಯಿ ಬೆಕ್ಕು ಬೇರೆ. ಅಂಟಿನ ಹಲಗೆ ಇಟ್ಟಾಗ ಇಲಿ ರಾತ್ರಿಯೆಲ್ಲಾ ಕಿರುಚಿತು, ಇನ್ನೊಮ್ಮೆ ಇದನ್ನ ಮನೆಗೆ ತರಬೇಡ ಅಂತ ಅವ್ವ ಹೇಳಿಬಿಟ್ಟಳು. ಅದಕ್ಕೇ ಏರ್‌ಗನ್ ತಗೊಳ್ಳೋಣ ಅಂತ.

ಈಗ ಗೊಂದಲ ಇಲ್ಲಿದೆ. ಒಂದು ಅಂಗಡಿಯವ 1000 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ ಅನ್ನೋ ಗುಂಡಿನ ವೇಗ) ಇರೋದೇ ತಗೋ, ಕಡಿಮೆ ಇದ್ರೆ ಇಲಿ ಸಾಯಲ್ಲ, ಒದ್ದಾಡುತ್ತೆ ಅಂತಾನೆ. ಇನ್ನೊಬ್ಬ ಸಣ್ಣದೇ ಸಾಕು ಅಂತಾನೆ. ವಿಡಿಯೊ ನೋಡಿದ್ರೆ ಇಂಗ್ಲೆಂಡಿನವರು 12 ಫುಟ್-ಪೌಂಡ್ (ಗುಂಡಿನ ಶಕ್ತಿಯ ಅಳತೆ) ಸಾಕು ಅಂತಾರೆ, ಅಮೆರಿಕದವರು ಅದರ ಎರಡರಷ್ಟು ಇಟ್ಟುಕೊಂಡೂ ಸಾಲಲ್ಲ ಅಂತಾರೆ. ನನಗೆ ಬೇಕಾಗಿರೋದು ಇಷ್ಟೇ: ಹೊಡೆದರೆ ಅಲ್ಲೇ ಸಾಯಬೇಕು, ನರಳಬಾರದು. ಒಳಗೆ ಆರೇಳು ಮೀಟರ್ ದೂರ, ಹೊರಗೆ ನೀರಿನ ತೊಟ್ಟಿಯಿಂದ ಬದುವಿನ ಬಿಲಕ್ಕೆ 20-25 ಮೀಟರ್. ಎಷ್ಟು ಪವರ್ ಬೇಕು? ಗೊತ್ತಿದ್ದವರು ಹೇಳಿ.

ಗೋಕಾಕ_ಕರದಂಟು

ಅಣ್ಣಾ ಮೊದಲು ಒಳ್ಳೆ ಬೆಕ್ಕು ಸಾಕು. ಲೈಸೆನ್ಸೂ ಬೇಡ, ಛರ್ರಾನೂ ಬೇಡ 😄

ತಿಕೋಟಾ_ಶೆಡ್

ಬೆಕ್ಕು ಇದೆ ತಮ್ಮಾ. ಹೆಗ್ಗಣ ನೋಡಿದ್ರೆ ಅದೇ ದಾರಿ ಬಿಡುತ್ತೆ.

ಮುಧೋಳ_ಕಬ್ಬು

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಸಿಗೋದರಲ್ಲಿ ದೊಡ್ಡದು ತಗೊಳ್ಳಿ. ಪವರ್ ಜಾಸ್ತಿ ಇದ್ರೆ ಎಲ್ಲಿ ಬಿದ್ದರೂ ಸಾಯುತ್ತೆ. ಆಮೇಲೆ ಕಬ್ಬಿಗೆ ಹಂದಿ ಬಂದರೂ ಉಪಯೋಗಕ್ಕೆ ಬರುತ್ತೆ. ಕೊಳವೆಯ ಅಳತೆ ಸಾಧ್ಯವಾದರೆ .22 ಇಂಚಿನದು ನೋಡಿ, .177 ಮಕ್ಕಳ ಆಟಿಕೆ.

ಬೆಳಗಾವಿ_ಹತ್ತುಮೀಟರ್

ಮುಧೋಳದ ಅಣ್ಣಾ, ಬೇಜಾರಾಗಬೇಡಿ, ನೀವು ಹೇಳಿದ್ದರಲ್ಲಿ ಒಂದೂ ಸರಿ ಇಲ್ಲ. ಹಂದಿ ವಿಷಯ ಆಮೇಲೆ ನೋಡೋಣ.

ನಾನು ರೇಂಜಿನಲ್ಲಿ ಹತ್ತು ಮೀಟರ್ ಹೊಡೆಯುವವನು, ಹುಡುಗರಿಗೆ ಕಲಿಸುತ್ತೇನೆ ಕೂಡ. ಎಫ್‌ಪಿಎಸ್ ಅನ್ನೋದು ಬರೀ ವೇಗ. ಪವರ್ ಅಂದರೆ ವೇಗದ ಜೊತೆ ಗುಂಡಿನ ತೂಕವೂ ಸೇರಬೇಕು. ಗುಂಡಿನ ತೂಕವನ್ನು ಕಿಲೋದಲ್ಲಿ ಹಾಕಿ, ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ ಹಾಕಿ ಅದರಿಂದಲೇ ಗುಣಿಸಿ, ಎರಡನ್ನೂ ಗುಣಿಸಿ ಅರ್ಧ ಮಾಡಿ. ಬರೋದು ಜೂಲ್. ಸಾಮಾನ್ಯವಾಗಿ ಸಿಗೋ .177 ಸೀಸದ ಪೆಲೆಟ್, ಅಂದರೆ ಛರ್ರಾ, ಅರ್ಧ ಗ್ರಾಂ ಆಸುಪಾಸು ಇರುತ್ತೆ. 0.55 ಗ್ರಾಂನದು 240 ಮೀಟರ್ ವೇಗದಲ್ಲಿ ಹೋದರೆ ಹೆಚ್ಚುಕಡಿಮೆ 16 ಜೂಲ್. ಇಂಗ್ಲೆಂಡಿನವರ 12 ಫುಟ್-ಪೌಂಡ್ ಅಂದರೆ ಇದೇ. ಅಷ್ಟರಲ್ಲೇ ಅವರು ಎಷ್ಟೋ ವರ್ಷದಿಂದ ಇಲಿಯಷ್ಟೇ ಅಲ್ಲ, ಮೊಲ ಕೂಡ ಹೊಡೆಯುತ್ತಾರೆ. ಜರ್ಮನಿಯಲ್ಲಿ ಪರವಾನಗಿ ಇಲ್ಲದೆ ಸಿಗೋದು ಏಳೂವರೆ ಜೂಲ್ ಮಾತ್ರ. ನಾವು ಸ್ಪರ್ಧೆಯಲ್ಲಿ ಹಿಡಿಯೋ ರೈಫಲ್ಲೂ ಅಷ್ಟೇ, ಸೆಕೆಂಡಿಗೆ 170 ಮೀಟರ್ ಸುಮಾರು.

ಈಗ ನಿಮ್ಮ ಅಂಗಡಿಯವನ 1000 ಎಫ್‌ಪಿಎಸ್ ನೋಡಿ. ಅದು 305 ಮೀಟರ್. 0.55 ಗ್ರಾಂ ಗುಂಡು ನಿಜವಾಗಿಯೂ ಆ ವೇಗದಲ್ಲಿ ಹೋದರೆ 25 ಜೂಲ್ ದಾಟುತ್ತೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಮಿತಿಯೇ 20 ಜೂಲ್. ಅಂದಮೇಲೆ ಎರಡರಲ್ಲಿ ಒಂದು. ಅವನು ಮಾರುತ್ತಿರೋದು ಲೈಸೆನ್ಸ್ ಬೇಕಾದ ಬಂದೂಕು, ಇಲ್ಲವೇ ಪೆಟ್ಟಿಗೆ ಮೇಲಿನ ಆ ಸಂಖ್ಯೆ ಮೂರನೇ ಒಂದು ಗ್ರಾಂನ ಹಗುರ ಅಲಾಯ್ ಪೆಲೆಟ್ ಹಾಕಿ ತೆಗೆದದ್ದು. ಎರಡನೆಯದೇ ಜಾಸ್ತಿ. ಅದೇ ಬಂದೂಕಿಗೆ ಸೀಸದ ಗುಂಡು ಹಾಕಿದರೆ 1000 ಬರೋದಿಲ್ಲ, 750ರ ಸುತ್ತ ನಿಲ್ಲುತ್ತೆ. ಜಾಹೀರಾತಿಗೆ ವೇಗ ಚೆಂದ. ಇಲಿಗೆ ಅದರಿಂದ ಏನೂ ಆಗಬೇಕಿಲ್ಲ.

ಇನ್ನು 1200, 1300 ಅಂತ ಬರೆದಿರೋದನ್ನು ಮೂಸಿ ಕೂಡ ನೋಡಬೇಡಿ. ಶಬ್ದದ ವೇಗ ಸುಮಾರು 345 ಮೀಟರ್. ಡಮರುವಿನ ಹಾಗೆ ನಡು ಸಣ್ಣ ಇರೋ ಈ ಪೆಲೆಟ್ ಆ ವೇಗದ ಹತ್ತಿರ ಹೋದರೆ ಗಾಳಿಯಲ್ಲಿ ಓಲಾಡುತ್ತೆ. ನೀವು ಕಣ್ಣಿಗೆ ಗುರಿ ಇಟ್ಟರೆ ಅದು ಹೊಟ್ಟೆಗೆ ಹೋಗುತ್ತೆ.

ನಿಮ್ಮ ಪ್ರಶ್ನೆಗೆ ಉತ್ತರ: 12ರಿಂದ 16 ಜೂಲ್. ಶೆಡ್ಡಿನೊಳಗೆ ಮಾತ್ರ ಅಂದರೆ ಏಳೆಂಟು ಜೂಲ್ ಕೂಡ ಸಾಕು.

ಮುಧೋಳ_ಕಬ್ಬು

ಲೆಕ್ಕ ಚೆನ್ನಾಗಿದೆ ಸರ್. ಆದರೆ ಕಡಿಮೆ ಪವರ್‌ನಲ್ಲಿ ಗಾಯ ಆಗಿ ಓಡಿ ಹೋಗೋದನ್ನ ನಾನೇ ನೋಡಿದ್ದೀನಿ. ಅದಕ್ಕೇನಂತೀರಿ?

ಅಥಣಿ_ದನದಡಾಕ್ಟರ್

ಇದಕ್ಕೆ ನಾನು ಹೇಳುತ್ತೇನೆ.

ಇಲಿಯ ಮೆದುಳು ಎರಡು ಗ್ರಾಂ ಸುಮಾರು ತೂಗುತ್ತೆ, ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ಒಂದು ರೂಪಾಯಿ ನಾಣ್ಯದೊಳಗೆ ಮುಗಿಯಿತು. ಗುಂಡು ಅಲ್ಲಿ ಬಿದ್ದರೆ ಪ್ರಾಣಿಗೆ ಏನಾಯಿತು ಅಂತ ತಿಳಿಯೋದರೊಳಗೆ ಎಲ್ಲಾ ಮುಗಿದಿರುತ್ತೆ. ಕಾಲು ಸ್ವಲ್ಪ ಹೊತ್ತು ಅದುರಬಹುದು, ಅದು ನರಳಾಟ ಅಲ್ಲ. ಆದರೆ ಅದೇ ಗುಂಡು ಎರಡು ಸೆಂಟಿಮೀಟರ್ ಕೆಳಗೆ ಬಿದ್ದರೆ ದವಡೆ ಮುರಿಯುತ್ತೆ. ದವಡೆ ಮುರಿದ ಇಲಿ ಬಿಲಕ್ಕೆ ಹೋಗಿ ನೀರು ಕುಡಿಯಲಾಗದೆ, ತಿನ್ನಲಾಗದೆ ದಿನಗಟ್ಟಲೆ ಆದ ಮೇಲೆ ಸಾಯುತ್ತೆ. ಹೊಟ್ಟೆಗೆ ಬಿದ್ದರೂ ಹಾಗೇ. ಅಲ್ಲಿ 8 ಜೂಲ್ ಇದ್ದರೇನು, 20 ಜೂಲ್ ಇದ್ದರೇನು? ನೀವು ನೋಡಿದ್ದು ಬಹುಶಃ ಪವರ್ ಕೊರತೆ ಅಲ್ಲ, ಗುಂಡು ಬಿದ್ದ ಜಾಗ.

ಎದೆಗೆ ಹೊಡೆದರೆ ಸಾಯುತ್ತೆ ನಿಜ. ಆದರೆ ಕೆಲವು ಕ್ಷಣ ಓಡುತ್ತೆ, ಆ ಕ್ಷಣ ಬಿಲ ಸೇರೋಕೆ ಸಾಕು. ಆಮೇಲೆ ಶೆಡ್ಡಿನ ನೆಲದಡಿ ಕೊಳೆತು ನಾರುತ್ತೆ. ಅದಕ್ಕೇ ತಲೆ ಮಾತ್ರ, ಅದೂ ಪಕ್ಕದಿಂದ, ಕಣ್ಣು ಮತ್ತು ಕಿವಿಯ ನಡುವೆ, ಕಿವಿಗೆ ತುಸು ಹತ್ತಿರ. ಎದುರಿನಿಂದ ಮೂತಿಗೆ ಹೊಡೆಯಬೇಡಿ, ಅಲ್ಲಿ ಮೂಗು ಹಲ್ಲೇ ಜಾಸ್ತಿ. ಓಡುತ್ತಿರೋ ಇಲಿಗಂತೂ ಬೇಡವೇ ಬೇಡ. ದೊಡ್ಡ ಹೆಗ್ಗಣ ಒಂದು ಕಿಲೋವರೆಗೂ ಬೆಳೆಯುತ್ತೆ, ತಲೆಬುರುಡೆ ದಪ್ಪ. ಅದಕ್ಕೆ ಬೆಳಗಾವಿಯವರು ಹೇಳಿದ 12-16 ಒಳ್ಳೇದು.

ಇನ್ನೊಂದು ಮಾತು, ಸಿಟ್ಟಿನಿಂದಲೇ ಹೇಳುತ್ತೇನೆ. ನಮ್ಮ ಆಸ್ಪತ್ರೆಗೆ ಕುಂಟುತ್ತಾ ಬರೋ ಬೀದಿನಾಯಿಗಳ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆ ಹಾಗೆ ಪೆಲೆಟ್ ಕಾಣುತ್ತೆ. ಬೆನ್ನುಹುರಿಯ ಪಕ್ಕದಲ್ಲಿ, ಕಣ್ಣಿನ ಹಿಂದೆ. ಹೊಡೆದವರನ್ನು ಕೇಳಿದರೆ "ಸುಮ್ನೆ ಹೆದರಿಸೋಕೆ ಹೊಡೆದೆ ಡಾಕ್ಟ್ರೇ" ಅಂತಾರೆ. ಅಷ್ಟು ದೊಡ್ಡ ಪ್ರಾಣಿಯನ್ನು ಏರ್‌ಗನ್ ಹೆದರಿಸೋದೂ ಇಲ್ಲ, ಕೊಲ್ಲೋದೂ ಇಲ್ಲ, ಒಳಗೊಳಗೇ ಕೀವು ಮಾಡುತ್ತೆ.

ವಿಜಯಪುರ_ಕರಿಕೋಟು

ಡಾಕ್ಟ್ರು ನಾಯಿ ವಿಷಯ ಎತ್ತಿದ್ದಕ್ಕೆ ಕಾನೂನನ್ನೂ ಒಂದೇ ಸಲ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ಪ್ರತಿಯೊಬ್ಬರೂ ಬಂದು ಅದನ್ನೇ ಕೇಳುತ್ತಾರೆ.

2016ರ ಆಯುಧ ನಿಯಮಗಳ ಪ್ರಕಾರ ಕೊಳವೆಯ ಅಳತೆ .177, ಅಂದರೆ 4.5 ಮಿಲಿಮೀಟರ್ ಮೀರಬಾರದು, ಶಕ್ತಿ 20 ಜೂಲ್ ಮೀರಬಾರದು. ಎರಡರಲ್ಲಿ ಯಾವುದು ಮೀರಿದರೂ ಲೈಸೆನ್ಸ್ ಬೇಕು. ಮುಧೋಳದ ಗೌಡ್ರು ಹೇಳಿದ .22 ಅಲ್ಲಿಗೇ ಹೋಯಿತು, ಅದರ ಶಕ್ತಿ ಎಷ್ಟೇ ಕಡಿಮೆ ಇರಲಿ. ಅಂಗಡಿಯಲ್ಲಿ ಗುರುತಿನ ಚೀಟಿ ಕೊಟ್ಟು, ಬಿಲ್ ತಗೊಂಡು, ಬಿಲ್ಲಿನ ಮೇಲೆ ಮಾಡೆಲ್ ಬರೆಸಿ ಇಟ್ಟುಕೊಳ್ಳಿ. ದಾರಿಯಲ್ಲಿ ಪೊಲೀಸರು ಕೇಳಿದರೆ ಅದೇ ನಿಮ್ಮನ್ನು ಕಾಯೋದು. ಒಯ್ಯುವಾಗ ಚೀಲದಲ್ಲಿ ಹಾಕಿ ಒಯ್ಯಿರಿ, ಹೆಗಲಿಗೆ ಹಾಕಿಕೊಂಡು ಬೈಕ್ ಮೇಲೆ ಊರೊಳಗೆ ಮೆರೆಯಬೇಡಿ.

ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಏನನ್ನು ಬೇಕಾದರೂ ಹೊಡೆಯಬಹುದು ಅಂತಲ್ಲ. ವನ್ಯಜೀವಿ ಕಾಯ್ದೆ 1972ರದು. ಹಿಂದೆ ಅದರಲ್ಲಿ ಐದನೇ ಅನುಸೂಚಿ ಅಂತ ಇತ್ತು. ಕಾಗೆ, ಬಾವಲಿ, ಇಲಿಗಳನ್ನು ಪೀಡೆ ಅಂತ ಅದರಲ್ಲಿ ಹಾಕಿದ್ದರು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದರು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆದ್ದರಿಂದ "ಕಾಗೆ ಹೊಡೆಯಬಹುದು, ಬಾವಲಿ ಹೊಡೆಯಬಹುದು" ಅಂತ ಹಳೇ ಕಾಲದವರು ಹೇಳಿದರೆ ನಂಬಬೇಡಿ. ನವಿಲು, ಕೃಷ್ಣಮೃಗ ಒಂದನೇ ಅನುಸೂಚಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿ. ಗಿಳಿ, ಮೊಲ, ಕಾಡುಹಂದಿ ಯಾವುದಕ್ಕೂ ಕೈ ಹಾಕುವಂತಿಲ್ಲ. ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲೋದು ಮಾತ್ರ ಅಲ್ಲ, ಗಾಯ ಮಾಡೋದು, ಹಿಡಿಯೋದು, ಅದಕ್ಕೆ ಯತ್ನಿಸೋದು ಕೂಡ. ನಾಯಿ, ಬೆಕ್ಕು, ದನಕ್ಕೆ ಹೊಡೆದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮೂ ಇದೆ.

ತಿಕೋಟಾದ ತಮ್ಮಾ, ನೀವು ಕೋಣೆಯ ಇಲಿ, ಬದುವಿನ ಹೆಗ್ಗಣಕ್ಕೇ ನಿಲ್ಲಿಸಿ. ದ್ರಾಕ್ಷಿಗೆ ಬರೋ ಹಕ್ಕಿಗೆ ಬಲೆ ಹಾಕಿ.

ತಿಕೋಟಾ_ಶೆಡ್

ಹಕ್ಕಿಗೆ ಬಲೆ ಇದ್ದೇ ಇದೆ ವಕೀಲ್ರೇ. ಬಂದೂಕು ಅದಕ್ಕಲ್ಲ.

ಮುಧೋಳ_ಕಬ್ಬು

ಹಾಗಾದರೆ ಹಂದಿಗೆ ನಾವೇನು ಮಾಡಬೇಕು? ಆರತಿ ಎತ್ತಬೇಕಾ? ಒಂದು ರಾತ್ರಿ ಬಂದು ಹೋದರೆ ಗುಂಟೆಗಟ್ಟಲೆ ಕಬ್ಬು ಮಲಗಿರುತ್ತೆ. ಬಿಹಾರದಲ್ಲಿ ಹೊಡೆಯೋಕೆ ಬಿಟ್ಟಿದ್ದರಲ್ಲ?

ವಿಜಯಪುರ_ಕರಿಕೋಟು

ಬಿಟ್ಟಿದ್ದು ನಿಜ. 2015-16ರಲ್ಲಿ ಬಿಹಾರ, ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಹಂದಿಯನ್ನು ಒಂದು ಅವಧಿಗೆ ಪೀಡೆ ಅಂತ ಕೇಂದ್ರ ಘೋಷಿಸಿತ್ತು. 62ನೇ ಕಲಮಿನಡಿ ಹಾಗೆ ಮಾಡೋ ಅಧಿಕಾರ ಕೇಂದ್ರಕ್ಕಿದೆ. ಅದು ಆ ಜಿಲ್ಲೆಗೆ, ಆ ಅವಧಿಗೆ ಮಾತ್ರ. ಬೆಳೆ ಹಾಳು ಮಾಡೋ ಹಂದಿಗೆ 11ನೇ ಕಲಮಿನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ಕೊಡಬಹುದು. ಮೊದಲು ಅರಣ್ಯ ಇಲಾಖೆಗೆ ಅರ್ಜಿ, ಫೋಟೊ, ಪಹಣಿ. ಬೆಳೆ ಪರಿಹಾರಕ್ಕೂ ಅಲ್ಲಿಗೇ ಹೋಗಬೇಕು. ನಿಧಾನ ಆಗುತ್ತೆ, ಅದನ್ನ ಒಪ್ಪುತ್ತೇನೆ. ಆದರೆ ಬೇಲಿಗೆ ಕರೆಂಟ್ ಬಿಟ್ಟು ಮನುಷ್ಯರೇ ಸತ್ತ ಕೇಸುಗಳಲ್ಲಿ ರೈತರು ಕೋರ್ಟಿಗೆ ಅಲೆಯೋದನ್ನ ನಾನು ದಿನಾ ನೋಡುತ್ತೇನೆ, ಅದಕ್ಕಿಂತ ಇದು ವಾಸಿ.

ಅಥಣಿ_ದನದಡಾಕ್ಟರ್

ಕಾನೂನು ಬಿಟ್ಟು ನೋಡಿದರೂ ಏರ್‌ಗನ್‌ನಿಂದ ಹಂದಿಗೆ ಹೊಡೆಯೋದು ಕ್ರೌರ್ಯ. ಭುಜದ ಮೇಲಿನ ದಪ್ಪ ಚರ್ಮದಲ್ಲೇ ಗುಂಡು ನಿಲ್ಲುತ್ತೆ. ಗಾಯಕ್ಕೆ ನೊಣ ಮೊಟ್ಟೆ ಇಟ್ಟು ಹುಳು ಬೀಳುತ್ತೆ. ಸಿಟ್ಟಾದ ಹಂದಿ ಮುಂದಿನ ಸಲ ನಿಮ್ಮ ಆಳಿನ ಮೇಲೆ ಬೀಳಬಹುದು, ಅದನ್ನೂ ಯೋಚಿಸಿ.

ಮುಧೋಳ_ಕಬ್ಬು

ಆಯ್ತು ಡಾಕ್ಟ್ರೇ, ಹಂದಿ ಬಿಟ್ಟೆ. ಇಲಿಗೇ ಬರೋಣ. 20ರೊಳಗೆ ಇರೋದರಲ್ಲಿ 19 ಜೂಲ್ ತಗೊಂಡ್ರೆ ತಪ್ಪೇನು? ಜಾಸ್ತಿ ಇದ್ದರೆ ಕೆಡುಕಂತೂ ಇಲ್ವಲ್ಲ.

ಬೆಳಗಾವಿ_ಹತ್ತುಮೀಟರ್

ಕೆಡುಕು ಇದೆ ಅಣ್ಣಾ. ಅದನ್ನೇ ಬಿಡಿಸಿ ಹೇಳಬೇಕು ಅಂತಿದ್ದೆ.

ನಮ್ಮಲ್ಲಿ ಕೈಗೆಟಕೋ ಬೆಲೆಗೆ ಸಿಗೋದು ಸ್ಪ್ರಿಂಗ್ ಬಂದೂಕು. ಕೊಳವೆ ಬಗ್ಗಿಸಿ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತೀರಿ. ಕುದುರೆ (ಟ್ರಿಗರ್) ಒತ್ತಿದಾಗ ಒಳಗಿನ ಪಿಸ್ಟನ್ ಮುಂದಕ್ಕೆ ಧಾವಿಸಿ ಗಾಳಿಯನ್ನು ಒತ್ತುತ್ತೆ. ಪಿಸ್ಟನ್ ಮುಂದೆ ಹೊರಟಾಗ ಬಂದೂಕು ಹಿಂದಕ್ಕೆ ಒದೆಯುತ್ತೆ, ಪಿಸ್ಟನ್ ತುದಿಗೆ ಬಡಿದಾಗ ಮುಂದಕ್ಕೆ ಜಗ್ಗುತ್ತೆ. ಇದೆಲ್ಲಾ ಆಗೋದು ಗುಂಡು ಇನ್ನೂ ಕೊಳವೆಯೊಳಗೆ ಇರುವಾಗಲೇ. ಸ್ಪ್ರಿಂಗ್ ಬಲವಾದಷ್ಟೂ ಈ ಎಳೆದಾಟ ಜಾಸ್ತಿ. 19 ಜೂಲ್ ಸ್ಪ್ರಿಂಗ್ ಬಂದೂಕಿನಿಂದ 25 ಮೀಟರಿನಲ್ಲಿ ರೂಪಾಯಿ ನಾಣ್ಯದೊಳಗೆ ಐದಕ್ಕೆ ಐದು ಕೂರಿಸೋರು ಇದ್ದಾರೆ, ಇಲ್ಲ ಅನ್ನಲ್ಲ, ಆದರೆ ಅವರು ವರ್ಷಗಟ್ಟಲೆ ಅದೇ ಕೆಲಸ ಮಾಡಿದವರು. 12 ಜೂಲಿನದು ಹೊಸಬರ ಕೈಯಲ್ಲೂ ಹೇಳಿದ ಮಾತು ಕೇಳುತ್ತೆ. ಇಲಿಯನ್ನು ಕೊಲ್ಲೋದು ಪವರ್ ಅಲ್ಲ, ಸರಿಯಾದ ಗುರಿ. ಗುರಿ ತಪ್ಪಿಸುವಷ್ಟು ಪವರ್ ತಗೊಂಡು ಏನು ಪ್ರಯೋಜನ?

ಎರಡನೇ ಕೆಡುಕು ಶೆಡ್ಡಿನೊಳಗೆ. ಆರು ಮೀಟರಿನಲ್ಲಿ 19 ಜೂಲ್ ಗುಂಡು ಇಲಿಯನ್ನು ದಾಟಿ ಕಲ್ಲಿನ ಗೋಡೆಗೆ ಬಡಿಯುತ್ತೆ. ಸೀಸ ಚಪ್ಪಟೆಯಾಗಿ, ಚೂರಾಗಿ ವಾಪಸ್ ಬರುತ್ತೆ. ಕಣ್ಣಿಗೆ ಬಿದ್ದರೆ ಮುಗೀತು. ತಗಡಿಗೆ ಬಿದ್ದರೆ ತೂತು. ಒಣದ್ರಾಕ್ಷಿ ಬಲೆ ಮೇಲೆ ಸೀಸದ ಚೂರು ಬಿದ್ದರೆ ಹಿಕ್ಕೆಗಿಂತ ಕೆಟ್ಟದ್ದು, ಕಣ್ಣಿಗೂ ಕಾಣೋದಿಲ್ಲ. ಆದ್ದರಿಂದ ಮಾಲು ಇರೋ ದಿಕ್ಕಿಗೆ ಹೊಡೆಯಲೇಬೇಡಿ. ಇಲಿ ಬರೋ ಜಾಗದ ಹಿಂದೆ ಮಣ್ಣು ತುಂಬಿದ ಚೀಲ ಇಡಿ, ಕನ್ನಡಕ ಹಾಕಿ. ಚಪ್ಪಟೆ ಮೂತಿಯ ಪೆಲೆಟ್ ಹಾಕಿ. ಅದು ಹತ್ತಿರದಲ್ಲಿ ಒಳಗೇ ನಿಂತು ಶಕ್ತಿಯೆಲ್ಲಾ ಅಲ್ಲೇ ಬಿಡುತ್ತೆ. 20 ಮೀಟರ್ ದಾಟಿದರೆ ದುಂಡು ಮೂತಿಯದು, ಅದು ಗಾಳಿಯಲ್ಲಿ ನೆಟ್ಟಗೆ ಹೋಗುತ್ತೆ. ಚೂಪು ಮೂತಿಯದು ನೋಡೋಕೆ ಭಯಂಕರ, ಹೊಡೆಯೋಕೆ ಅಷ್ಟಕ್ಕಷ್ಟೇ.

ದೂರಕ್ಕೆ ಪವರ್ ಸಾಲಲ್ಲ ಅನ್ನೋ ಹೆದರಿಕೆಗೆ: 16 ಜೂಲಿನಲ್ಲಿ ಹೊರಟ ಗುಂಡು 25 ಮೀಟರ್ ಮುಟ್ಟಿದಾಗ 11 ಜೂಲ್ ಹತ್ತಿರ ಉಳಿದಿರುತ್ತೆ. ಇಲಿ ತಲೆಗೆ ಆರು ಜೂಲ್ ಮುಟ್ಟಿದರೆ ಸಾಕು ಅನ್ನೋದು ನನ್ನ ಲೆಕ್ಕ. ಹೆಗ್ಗಣಕ್ಕೆ ಎಂಟು ಹಿಡಿಯಿರಿ. ಎರಡಕ್ಕೂ ಮಿಕ್ಕಿಯೇ ಇದೆ.

ಗೋಕಾಕ_ಕರದಂಟು

ಸರ್, ನಮ್ಮ ಓಣಿಯಲ್ಲಿ ಒಬ್ಬ ಕೊಳವೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಹೊಡೀತಾನೆ. ಢಮ್ ಅಂತ ಶಬ್ದ, ಹೊಗೆ ಬೇರೆ. ಪವರ್ ಡಬಲ್ ಆಗುತ್ತೆ ಅಂತಾನೆ. ನಿಜಾನಾ?

ಬೆಳಗಾವಿ_ಹತ್ತುಮೀಟರ್

ಪವರ್ ಏರೋದು ನಿಜ ತಮ್ಮಾ. ಗಾಳಿ ಒತ್ತಿದಾಗ ಕಾಯುತ್ತೆ, ಆ ಕಾವಿಗೆ ಎಣ್ಣೆ ಹೊತ್ತಿಕೊಳ್ಳುತ್ತೆ, ಡೀಸೆಲ್ ಇಂಜಿನ್ ಒಳಗೆ ಆಗೋದೂ ಅದೇ. ಆದರೆ ಒಂದು ಗುಂಡು ಹಾರಿ ಮೇಲೆ ಹೋಗುತ್ತೆ, ಮುಂದಿನದು ಕೆಳಗೆ ಹೋಗುತ್ತೆ. ಒಳಗಿನ ಸೀಲ್ ಸುಟ್ಟು ಹೋಗುತ್ತೆ, ಸ್ಪ್ರಿಂಗ್ ಮುರಿಯುತ್ತೆ. 20 ಜೂಲ್ ದಾಟಿದರೆ ಕಾನೂನಿಗೂ ಸಿಕ್ಕಿಕೊಳ್ತಾನೆ. ಅವನ ಪಕ್ಕ ನಿಲ್ಲಬೇಡ.

ಜಮಖಂಡಿ_ಕಣಜ

ಇಷ್ಟೊತ್ತು ಓದಿದೆ. ಗಂಡಸರು ಬಂದೂಕಿನ ಮಾತು ಬಂದರೆ ಕಾಳಿನ ಮಾತು ಮರೀತಾರೆ 🙂

ತಿಕೋಟಾದ ತಮ್ಮಾ, ಇಲಿಗೆ ಬಸಿರಾದ ಮೂರು ವಾರಕ್ಕೆ ಮರಿ. ಒಂದೊಂದು ಸಲಕ್ಕೆ ಆರೆಂಟು. ನೀನು ರಾತ್ರಿ ಕೂತು ನಾಲ್ಕು ಹೊಡೆಯೋದರೊಳಗೆ ಬಿಲದಲ್ಲಿ ಎಂಟು ಹುಟ್ಟಿರುತ್ತವೆ. ದಾರಿ ಮುಚ್ಚದೆ ಹೊಡೆದರೆ ಈ ಕೆಲಸಕ್ಕೆ ಕೊನೆಯೇ ಇಲ್ಲ. ನಮ್ಮ ಕೋಣೆಯಲ್ಲಿ ನಾವು ಮಾಡಿದ್ದು ಹೇಳ್ತೀನಿ. ಚೀಲ ನೆಲದ ಮೇಲೆ ಇಡೋದು ಬಿಟ್ಟೆವು, ಹಲಗೆ ಮೇಲೆ ಇಟ್ಟೆವು. ಗೋಡೆಯಿಂದ ಒಬ್ಬರು ನಡೆದು ಹೋಗುವಷ್ಟು ಸಂದು ಬಿಟ್ಟೆವು. ಇಲಿ ಗೋಡೆಗುಂಟ ಓಡೋದು, ಸಂದು ಇದ್ದರೆ ಹಿಕ್ಕೆ ಎಲ್ಲಿದೆ ಅಂತ ಕಾಣುತ್ತೆ, ಕಸ ಹೊಡೆಯೋಕೂ ಬರುತ್ತೆ. ಬಾಗಿಲ ಬುಡಕ್ಕೆ ತಗಡು ಬಡಿಸಿದೆವು. ಬಾಗಿಲಡಿ ಹೆಬ್ಬೆರಳು ಹೋಗುವಷ್ಟು ಜಾಗ ಇದ್ದರೆ ಮರಿ ಇಲಿ ನುಗ್ಗುತ್ತೆ. ಬಿಲಕ್ಕೆ ಸಿಮೆಂಟಿನ ಜೊತೆ ಗಾಜಿನ ಚೂರು ಕಲಸಿ ತುರುಕಿದೆವು, ಬರೀ ಮಣ್ಣು ಹಾಕಿದರೆ ಹೆಗ್ಗಣ ಒಂದೇ ರಾತ್ರಿಗೆ ತೆಗೆಯುತ್ತೆ. ಪೈಪು ಗೋಡೆ ಸೇರೋ ಜಾಗ ಮರೀಬೇಡ. ಕಣಕಿ ಬಣವೆ ಕೋಣೆಗೆ ಒತ್ತಿಕೊಂಡಿದ್ದರೆ ದೂರ ಸರಿಸು. ಅದೇ ಅವುಗಳ ತವರುಮನೆ.

ಆಮೇಲೆ ಹೊಲದಲ್ಲಿ ಗೂಬೆ ಕೂರೋಕೆ ಟಿ ಆಕಾರದ ಗೂಟ ನೆಟ್ಟೆವು. ಗೂಬೆ ಕಂಡರೆ ಅಪಶಕುನ ಅಂತ ನಮ್ಮತ್ತೆ ಬೈದರು. ಈಗ ಸುಮ್ಮನಿದ್ದಾರೆ. ಕೇರೆ ಹಾವು ಕಂಡರೆ ಕೊಲ್ಲಬೇಡಿ, ಅದು ಬಿಲದೊಳಗೇ ಹೋಗಿ ತಿನ್ನುತ್ತೆ, ನಿಮ್ಮ ಬಂದೂಕಿಗೆ ಅದು ಆಗೋ ಕೆಲಸ ಅಲ್ಲ.

ಇಷ್ಟಾದ ಮೇಲೂ ಉಳಿದ ಮೂರು ನಾಲ್ಕು ಹಳೇ ಕಳ್ಳರಿಗೆ ನಿನ್ನ ಬಂದೂಕು. ಅದಕ್ಕೆ ನನ್ನ ತಕರಾರಿಲ್ಲ.

ತಿಕೋಟಾ_ಶೆಡ್

ಅಕ್ಕಾ, ಬಣವೆ ಕೋಣೆಯ ಗೋಡೆಗೇ ಒರಗಿದೆ. ಹೇಳಿದ್ದು ಒಳ್ಳೇದಾಯ್ತು. ಗೂಟ ಎಷ್ಟು ಎತ್ತರ?

ಜಮಖಂಡಿ_ಕಣಜ

ಪೈರಿಗಿಂತ ಮೇಲೆ ಕಾಣಬೇಕು ಅಷ್ಟೇ. ನಾವು ಆಳೆತ್ತರದ ಮೇಲೆ ಇನ್ನೊಂದು ಮೊಳ ಬಿಟ್ಟಿದ್ದೇವೆ. ಮತ್ತೆ, ಗೂಬೆ ಬರಬೇಕು ಅಂದ್ರೆ ಆ ಕಡೆ ವಿಷ ಇಡಬೇಡ. ವಿಷ ತಿಂದ ಇಲಿಯನ್ನು ಅದು ತಿಂದರೆ ಅದಕ್ಕೂ ತೊಂದರೆ.

ಅಥಣಿ_ದನದಡಾಕ್ಟರ್

ಅಕ್ಕಾರ ಮಾತಿಗೆ ಒಂದು ಸೇರಿಸುತ್ತೇನೆ. ಪೆಲೆಟ್ ಸೀಸದ್ದು. ಹೊಡೆದ ಇಲಿಯನ್ನು ಅಲ್ಲೇ ಬಿಟ್ಟರೆ ಬೆಕ್ಕು, ಗೂಬೆ, ಹದ್ದು ತಿಂದು ಸೀಸವೂ ಹೊಟ್ಟೆಗೆ ಹೋಗುತ್ತೆ. ಪ್ರತಿಯೊಂದನ್ನೂ ಎತ್ತಿ ಹೂಳಿ. ಬರಿಗೈಯಲ್ಲಿ ಮುಟ್ಟಬೇಡಿ, ಇಲಿ ಜ್ವರ ಹರಡೋದು ಅದರ ಮೂತ್ರದಿಂದ. ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು.

ಮತ್ತೆ, ಒಂದು ಗುಂಡಿಗೆ ಸಾಯದೆ ಬಿದ್ದಿದ್ದರೆ "ಅದೇ ಸಾಯುತ್ತೆ ಬಿಡು" ಅಂತ ನೋಡುತ್ತಾ ನಿಲ್ಲಬೇಡಿ. ಎರಡನೇ ಪೆಲೆಟ್ ಕೈಯಲ್ಲೇ ಇರಲಿ, ತಕ್ಷಣ ತಲೆಗೆ. ಬಲವಾದ ಸ್ಪ್ರಿಂಗ್ ಇರೋ ಹಳೇ ಕತ್ತರಿ ಬೋನು ಕೂಡ ಗೋಡೆಗುಂಟ ಸರಿಯಾಗಿ ಇಟ್ಟರೆ ಕತ್ತಿನ ಮೇಲೆ ಬಿದ್ದು ತಟ್ಟನೆ ಕೊಲ್ಲುತ್ತೆ. ದಯೆಯ ಲೆಕ್ಕದಲ್ಲಿ ಅದೇನು ಬಂದೂಕಿಗಿಂತ ಕಡಿಮೆ ಅಲ್ಲ. ಅಂಟಿನ ಹಲಗೆ ಬಗ್ಗೆ ನಿಮ್ಮ ಅವ್ವ ಹೇಳಿದ್ದೇ ಸರಿ.

ತಿಕೋಟಾ_ಶೆಡ್

ಎಲ್ಲರಿಗೂ ಸುದ್ದಿ. ಬಂದೂಕು ತಂದೆ. ಕೈಯಲ್ಲಿ ಹಿಡಿದರೆ ಹಗುರ ಇರೋದು, ಕಂಪನಿ ಲೆಕ್ಕದಲ್ಲಿ 14 ಜೂಲ್ ಸುಮಾರು, .177, ಸ್ಪ್ರಿಂಗಿನದು. ಬಿಲ್ ಇದೆ ವಕೀಲ್ರೇ. ಬಣವೆ ಸರಿಸಿ ಆಯ್ತು ಅಕ್ಕಾ, ಅದರಡಿ ಬಿಲದ ಬಾಯಿ ಸಾಲಾಗಿ ಸಿಕ್ಕವು.

ಇಲಿ ಮೇಲೆ ಇನ್ನೂ ಹೊಡೆದಿಲ್ಲ. ರಟ್ಟಿನ ಮೇಲೆ ರೂಪಾಯಿ ಇಟ್ಟು ಗೆರೆ ಎಳೆದು ಹೊಡೀತಾ ಇದ್ದೀನಿ. ಸ್ಕೋಪ್ ಹಾಕಿ 25 ಮೀಟರಿಗೆ ಕೂರಿಸಿದೆ, ಅಲ್ಲಿ ಚೆನ್ನಾಗೇ ಬೀಳುತ್ತೆ. ಆದರೆ ಶೆಡ್ಡಿನ ಒಳಗೆ ಆರು ಮೀಟರಿಗೆ ಬಂದರೆ ಎಲ್ಲಾ ವೃತ್ತದ ಕೆಳಗೆ! ಹತ್ತಿರ ಬಂದರೆ ಇನ್ನೂ ಸಲೀಸಾಗಬೇಕಿತ್ತಲ್ವಾ? ಸ್ಕೋಪ್ ಕೆಟ್ಟಿದೆಯಾ?

ಬೆಳಗಾವಿ_ಹತ್ತುಮೀಟರ್

ಶಭಾಷ್, ಇದನ್ನು ರಟ್ಟಿನ ಮೇಲೆ ನೋಡಿದ್ದೇ ಒಳ್ಳೇದಾಯ್ತು. ಸ್ಕೋಪ್ ಕೆಟ್ಟಿಲ್ಲ.

ನಿಮ್ಮ ಕಣ್ಣು ನೋಡೋದು ಸ್ಕೋಪಿನಿಂದ, ಗುಂಡು ಹೊರಡೋದು ಅದಕ್ಕಿಂತ ನಾಲ್ಕೂವರೆ ಸೆಂಟಿಮೀಟರ್ ಕೆಳಗಿನ ಕೊಳವೆಯಿಂದ. ಗುಂಡು ಹೊರಟ ಕೂಡಲೇ ಕಣ್ಣಿನ ಗೆರೆಗಿಂತ ಕೆಳಗೇ ಇರುತ್ತೆ, ಮೆಲ್ಲಗೆ ಏರಿ ಗೆರೆ ಮುಟ್ಟುತ್ತೆ, ಸ್ವಲ್ಪ ದಾಟಿ ಮತ್ತೆ ಇಳಿದು 25 ಮೀಟರಿನಲ್ಲಿ ಗೆರೆಗೆ ಕೂರುತ್ತೆ. ಆರು ಮೀಟರಿನಲ್ಲಿ ಅದು ಇನ್ನೂ ಏರುತ್ತಾ ಇರುತ್ತೆ, ಅಂದಾಜು ಎರಡರಿಂದ ಎರಡೂವರೆ ಸೆಂಟಿಮೀಟರ್ ಕೆಳಗೆ. ಈಗ ಡಾಕ್ಟ್ರು ಹೇಳಿದ ದವಡೆ ನೆನಪು ಮಾಡಿಕೊಳ್ಳಿ. ಕಣ್ಣು-ಕಿವಿ ನಡುವೆ ಗುರಿ ಇಟ್ಟು ಆರು ಮೀಟರಿನಲ್ಲಿ ಹೊಡೆದರೆ ಸರಿಯಾಗಿ ಆ ದವಡೆಗೇ ಹೋಗುತ್ತೆ. ಹೊಡೆದವನು "ತಲೆಗೇ ಹೊಡೆದೆ, ಆದರೂ ಓಡಿತು, ಪವರ್ ಸಾಲಲ್ಲ" ಅಂತ ಇನ್ನೂ ದೊಡ್ಡ ಬಂದೂಕು ತರುತ್ತಾನೆ. ಮುಧೋಳದ ಅಣ್ಣಾ, ನಿಮ್ಮ ಇಲಿ ಓಡಿದ್ದು ಹೀಗೇ ಇರಬಹುದು.

35 ಮೀಟರಿಗೆ ಹೊಡೆದು ನೋಡಿ, ಅಲ್ಲಿ ಮತ್ತೆ ಕೆಳಗೆ ಬೀಳುತ್ತೆ, ಮೂರು ಸೆಂಟಿಮೀಟರ್ ಅಥವಾ ಇನ್ನೂ ಜಾಸ್ತಿ. ಅದಕ್ಕೇ ದೂರ ಗೊತ್ತಿಲ್ಲದೆ ಹೊಡೆಯಬಾರದು. ತೊಟ್ಟಿಯಿಂದ ಬಿಲದವರೆಗೆ ಟೇಪ್ ಹಿಡಿದು ಅಳೆದು ಒಂದು ಕಲ್ಲು ಇಡಿ.

ಒಳಗೆ ಹೊಡೆಯೋದೇ ಜಾಸ್ತಿ ಇದ್ದರೆ ಸ್ಕೋಪನ್ನು ಅದೇ ಆರೇಳು ಮೀಟರಿಗೆ ಕೂರಿಸಿ, ಹೊರಗಿನದನ್ನು ಮರೆತುಬಿಡಿ. ಇಲ್ಲವೇ ಸ್ಕೋಪ್ ತೆಗೆದು ಬಂದೂಕಿನ ಮೇಲಿನ ಮಕ್ಕಿಯಲ್ಲೇ (ಕೊಳವೆ ಮೇಲಿನ ಗುರಿಮೊನೆ) ನೋಡಿ, ಅದು ಕೊಳವೆಗೆ ಹತ್ತಿರ ಇರೋದರಿಂದ ಈ ವ್ಯತ್ಯಾಸ ಬಹಳ ಕಡಿಮೆ. ಬೇರೆ ಪೆಲೆಟ್ ಡಬ್ಬಿ ತಂದರೆ ಮತ್ತೆ ರಟ್ಟಿನ ಮೇಲೆ ನೋಡಿ, ಒಂದೊಂದು ಕೊಳವೆಗೆ ಒಂದೊಂದು ಪೆಲೆಟ್ ಒಗ್ಗೋದು. ಯಾವ ದೂರದಲ್ಲಿ ಐದೂ ಗುಂಡು ರೂಪಾಯಿಯೊಳಗೆ ಬೀಳುತ್ತವೋ ಅದೇ ನಿಮ್ಮ ದೂರ. 14 ಜೂಲ್ 30 ಮೀಟರಿಗೆ ಮುಟ್ಟುತ್ತೆ, ಆದರೆ ನಿಮ್ಮ ಕೈ 18 ಮೀಟರಿಗೆ ಮುಟ್ಟಿದರೆ 18ಕ್ಕೇ ನಿಲ್ಲಿಸಿ.

ಮುಧೋಳ_ಕಬ್ಬು

ಈ ಕೆಳಗೆ ಬೀಳೋದು ನನಗೆ ಯಾರೂ ಹೇಳಿರಲಿಲ್ಲ. ನಾಳೆ ನಂದೂ ರಟ್ಟಿಗೆ ಹೊಡೆದು ನೋಡ್ತೀನಿ. ಆದರೂ .177 ಚಿಕ್ಕದು ಅಂತಲೇ ನನ್ನ ಅಭಿಪ್ರಾಯ 😀

ತಿಕೋಟಾ_ಶೆಡ್

ಸರಿ ಸರ್, ಒಳಗಿಗೇ ಕೂರಿಸ್ತೀನಿ. ಇನ್ನೊಂದು: ಬ್ಯಾಟರಿ ಬಿಟ್ಟರೆ ಇಲಿ ಓಡುತ್ತೆ, ಬಿಡದಿದ್ರೆ ಕಾಣಲ್ಲ. ಮತ್ತೆ ಅದು ನಿಲ್ಲೋದೇ ಇಲ್ಲ, ಗೋಡೆಗುಂಟ ಸರ್ ಅಂತ ಹೋಗುತ್ತೆ.

ಬೆಳಗಾವಿ_ಹತ್ತುಮೀಟರ್

ಬ್ಯಾಟರಿಗೆ ಕೆಂಪು ಹಾಳೆ ಕಟ್ಟಿ. ಕೆಂಪು ಬೆಳಕು ಇಲಿ ಕಣ್ಣಿಗೆ ಅಷ್ಟಾಗಿ ತಿಳಿಯೋದಿಲ್ಲ. ನಿಲ್ಲಿಸೋಕೆ ಶೇಂಗಾ ಜಜ್ಜಿ ಬೆಲ್ಲ ಕಲಸಿ ಹಲಗೆಯ ತೂತಿನಲ್ಲಿ ಒತ್ತಿಡಿ, ಎತ್ತಿಕೊಂಡು ಓಡೋಕೆ ಆಗಬಾರದು, ಅಲ್ಲೇ ನಿಂತು ಕೆರೆಯಬೇಕು. ಹಲಗೆಯನ್ನು ಮಣ್ಣಿನ ಚೀಲದ ಮುಂದೆ, ನಿಮಗೆ ಅಡ್ಡಲಾಗಿ ಇಡಿ. ಆಗ ಪಕ್ಕದ ತಲೆ ಕಾಣುತ್ತೆ. ಮೊದಲ ಕೆಲವು ರಾತ್ರಿ ಹೊಡೆಯಬೇಡಿ, ತಿಂದು ಧೈರ್ಯ ಬರಲಿ.

ಜಮಖಂಡಿ_ಕಣಜ

ಮಕ್ಕಳ ಕೈಗೆ ಸಿಗದ ಹಾಗೆ ಇಡು ತಮ್ಮಾ, ಬಂದೂಕು ಒಂದು ಕಡೆ, ಛರ್ರಾ ಡಬ್ಬಿ ಇನ್ನೊಂದು ಕಡೆ. ಟ್ರಂಕಿಗೆ ಬೀಗ ಹಾಕು.

ತಿಕೋಟಾ_ಶೆಡ್

ಬೀಗ ಹಾಕಿ ಕೀಲಿ ಅವ್ವನ ಹತ್ತಿರ ಕೊಟ್ಟಿದ್ದೀನಿ ಅಕ್ಕಾ. ಬೆಳಗಾವಿ ಸರ್, ಕೊನೇದು: ಆರು ಮೀಟರಿಗೆ ಕೂರಿಸಿದ ಮೇಲೂ ಹೊಡೀತಾ ಹೊಡೀತಾ ಗುರಿ ಮತ್ತೆ ಸರಿಯುತ್ತಾ ಇದೆ. ನಿನ್ನೆ ನಡುವಿಗೆ ಬಿದ್ದದ್ದು ಇವತ್ತು ಎಡಕ್ಕೆ.

ಬೆಳಗಾವಿ_ಹತ್ತುಮೀಟರ್

ಸ್ಕೋಪ್ ಹಿಡಿದಿರೋ ಕ್ಲ್ಯಾಂಪಿನ ಸ್ಕ್ರೂ ನೋಡಿ, ಸ್ಪ್ರಿಂಗ್ ಬಂದೂಕಿನ ಒದೆತಕ್ಕೆ ಅದು ಸಡಿಲ ಆಗುತ್ತೆ. ಕಟ್ಟಿಗೆಯ ಹಿಡಿ ಸೇರೋ ಎರಡು ಸ್ಕ್ರೂ ಕೂಡ. ಬಿಗಿ ಮಾಡಿ ಮತ್ತೆ ಐದು ಹೊಡೆಯಿರಿ. ಆಮೇಲೆ ಬಂದೂಕನ್ನು ಬಿಗಿಯಾಗಿ ಅಮುಕಿ ಹಿಡಿಯಬೇಡಿ, ಮುಂದಿನ ಕೈ ಮೇಲೆ ಸುಮ್ನೆ ಕೂರಲಿ, ಒದೆಯೋದನ್ನು ಅದರ ಪಾಡಿಗೆ ಒದೆಯಲಿ. ಆಗಲೂ ಸರಿದರೆ ರಟ್ಟಿನ ಫೋಟೊ ಹಾಕಿ.